ಒಲೆ ಆರುವ ಮೊದಲು

ಲಡಾಯಿ ಕಾಲದಲ್ಲಿ ನಾನು ಹುಕ್ಕೇರಿ ಕಡೆ ಟಪಾಲು ಹಂಚುತ್ತಿದ್ದೆ. ಕಾಗದಗಳನ್ನು ಊರ ಚಾವಡಿಯಲ್ಲೇ ಕೊಟ್ಟುಬಿಡುವುದು ರೂಢಿ. ಯಮಕನಮರಡಿಯ ಗಂಗವ್ವನ ಮನೆಬಾಗಿಲಿಗೆ ಹೋದದ್ದು ಒಮ್ಮೆ ಮಾತ್ರ. ಲಡಾಯಿಗೆ ಹೋಗಿದ್ದ ಅವಳ ಮಗ ತೀರಿಕೊಂಡನೆಂಬ ತಾರು ಕಿಸೆಯಲ್ಲಿತ್ತು.

ಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. "ಬರ್ರಿ, ಮೊದಲ ಊಟ ಮಾಡ್ರಿ," ಎಂದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅವಳೂ ಒಂದು ತುತ್ತು ಉಣ್ಣಲಿ, ಆಮೇಲೆ ಹೇಳೋಣವೆಂದು ಕುಳಿತೆ. ಅವಳು ಉಣ್ಣಲಿಲ್ಲ, ನನಗೇ ಬಿಸಿರೊಟ್ಟಿ, ಝುಣಕ ಬಡಿಸುತ್ತ ಹೋದಳು. ನಾನು ಕೈತೊಳೆದ ಮೇಲೆ ಒಲೆಗೆ ನೀರು ಹೊಯ್ದಳು.

"ಈಗ ಓದ್ರಿ. ನೀವು ಬಾಗಿಲಿಗೆ ಬಂದಾಗನ ನನಗ ತಿಳೀತು. ಉಪಾಸ ಹೆಂಗ ಕಳಸೂದು?"

ಮುಂದೆ ಯಾರ ಮನೆಗಾದರೂ ಇಂಥ ತಾರು ಬಂದ ದಿನ ನಾನು ಮನೆಯಲ್ಲೇ ಉಂಡು ಹೊರಡುತ್ತಿದ್ದೆ. ಆದರೆ ಬಾಗಿಲಲ್ಲಿ ನಿಂತು, ಊಟಕ್ಕೆ ಕರೆದವರಿಗೆ "ಊಟ ಆಗೇತ್ರಿ" ಅಂದೊಡನೆ ಒಳಗೆ ಅಳು ಶುರುವಾಗುತ್ತಿತ್ತು. ತಾರು ಓದುವ ಕೆಲಸವೇ ಉಳಿಯಲಿಲ್ಲ.