ಬಾಗಿಲಲ್ಲಿ ನಿಂತು ನೋಡಿದ ಹೊಟ್ಟೆನೋವು

ಕೆ.ಆರ್. ಪೇಟೆಯ ಒಂದು ಆಸ್ಪತ್ರೆಯಲ್ಲಿ ನಾನು ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ ಯಾರ್ಯಾರದೋ ಹೊಟ್ಟೆ ಮುಟ್ಟಿ ನೋಡುತ್ತೇನೆ, ಗಂಡಸರು ಹೆಂಗಸರು ಎಂಬ ಭೇದವಿಲ್ಲ. ಬೂಕನಕೆರೆಯ ನಮ್ಮ ಮನೆಗೆ ಬಂದರೆ ಮಾತ್ರ ಮಾವನ ಎದುರು ಕುರ್ಚಿಯ ಮೇಲೂ ಕೂರುವವಳಲ್ಲ. ಸೊಸೆ ಮಾವನನ್ನು ಮುಟ್ಟುವುದಂತೂ ನಮ್ಮಲ್ಲಿ ಇಲ್ಲವೇ ಇಲ್ಲ.

ಹೀಗಿರುವಾಗ ಮಾವನಿಗೆ ಹೊಟ್ಟೆನೋವು ಬಂತು. ಮೊದಲು ಹೊಕ್ಕುಳ ಸುತ್ತ ಇದ್ದದ್ದು ಮಾರನೆಯ ದಿನ ಬಲಗಡೆ ಕೆಳಕ್ಕೆ ಇಳಿಯಿತು. ಬಾಗಿಲಲ್ಲಿ ನಿಂತು ನೋಡಿದೆ. ಮಂಡಿ ಮಡಚಿಕೊಂಡು ಅಲ್ಲಾಡದೆ ಮಲಗಿದ್ದರು. ಬರೀ ಗ್ಯಾಸಾಗಿದ್ದರೆ ಹೊರಳಾಡುತ್ತಿದ್ದರು.

ಆಸ್ಪತ್ರೆಗೆ ಹೋಗೋಣ ಎಂದರೆ ಒಪ್ಪಲಿಲ್ಲ. ಬಲವಂತ ಮಾಡಲು ನನ್ನ ಗಂಡ ಊರಲ್ಲಿರಲಿಲ್ಲ. ಕೊನೆಗೆ ಅತ್ತೆಗೆ ಬಾಗಿಲಿಂದಲೇ ಹೇಳಿಕೊಟ್ಟೆ: ಬಲಗಡೆ ನಿಧಾನವಾಗಿ ಆಳಕ್ಕೆ ಒತ್ತಿ, ಥಟ್ಟನೆ ಕೈ ಬಿಡಬೇಕು. ಬಿಟ್ಟಾಗ ನೋವು ಹೆಚ್ಚಾದರೆ ಅಪೆಂಡಿಕ್ಸ್ ಇರಬಹುದೆಂದು ಅನುಮಾನಪಡಬೇಕು.

ಅತ್ತೆ ಒತ್ತಲಿಲ್ಲ. ಮಗುವಿನ ಹೊಟ್ಟೆ ಸವರುವ ಹಾಗೆ ಸವರಿದರು. "ನೋಯ್ತದಾ?"

"ಏನೂ ಇಲ್ಲ ಬುಡಮ್ಮಿ. ನಾಳೀಕೆ ಸರೋಯ್ತದೆ," ಎಂದು ಮಾವ ಮುಖವನ್ನು ಗೋಡೆಗೆ ತಿರುಗಿಸಿಕೊಂಡರು. ಸೊಸೆಯ ಮುಂದೆ ನರಳುವುದುಂಟೆ! ಹೊಟ್ಟೆ ಒತ್ತುವಾಗ ನಾವು ನೋಡುವುದೇ ರೋಗಿಯ ಮುಖವನ್ನು. ಅದೇ ನನಗೆ ಕಾಣಲಿಲ್ಲ. ಆ ಮರ್ಯಾದೆಯ ಮೇಲೆ ನನಗೆ ಇವತ್ತಿಗೂ ಸಿಟ್ಟು.

ಬೆಳಗ್ಗೆ ಅತ್ತೆ ನಗುನಗುತ್ತ ಬಂದರು. "ನೋವೆಲ್ಲ ಒಂದೇ ಸಲಕ್ಕೆ ಓಯ್ತಂತೆ ಕಣವ್ವ."

ನಾನು ಕಾರು ತರಿಸಿ ಎಂದು ಕಿರುಚಿದೆ. ಅಪೆಂಡಿಕ್ಸ್ ಒಡೆದುಹೋದಾಗಲೂ ನೋವು ಹಾಗೆಯೇ ಸ್ವಲ್ಪ ಹೊತ್ತು ಬಿಡುವು ಕೊಡುತ್ತದೆ.

ಪಾಂಡವಪುರ ದಾಟುವ ಹೊತ್ತಿಗೆ ಮಾವನ ಹಣೆಯಲ್ಲಿ ತಣ್ಣನೆಯ ಬೆವರು. ಅವರೇ ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡರು. "ನೀನೇ ನೋಡವ್ವ," ಎಂದರು. ಹೊಟ್ಟೆ ಹಲಗೆಯಂತೆ ಸೆಟೆದಿತ್ತು. ಒತ್ತಿ ನೋಡಲು ಇನ್ನೇನೂ ಉಳಿದಿರಲಿಲ್ಲ. ಆದರೂ ಶ್ರೀರಂಗಪಟ್ಟಣ ದಾಟಿ ಮೈಸೂರು ಸೇರುವವರೆಗೂ ಕೈ ಅಲ್ಲೇ ಇತ್ತು.

ಆಪರೇಷನ್ ಆಯಿತು. ಮಾವ ಉಳಿಯಲಿಲ್ಲ.

ತಿಥಿ ಕಳೆದ ಮೇಲೆ ಒಂದು ದಿನ, ರಾಗಿ ಕೇರುತ್ತಿದ್ದ ಅತ್ತೆ ಮೊರ ಕೆಳಗಿಟ್ಟು ಕೇಳಿದರು: "ನಾನು ಇನ್ನೊಸಿ ಜೋರಾಗಿ ಒತ್ಬೇಕಾಗಿತ್ತಾ ಕಣವ್ವ?"

"ಇಲ್ಲ ಅತ್ತೆ, ಸರಿಯಾಗೇ ಒತ್ತುದ್ರಿ," ಎಂದೆ. ಹಾಗನ್ನುವಾಗ ನಾನೂ ಮುಖವನ್ನು ಗೋಡೆಗೆ ತಿರುಗಿಸಿಕೊಂಡಿದ್ದೆ.