ನಾನು ಬದುಕಿಸಿದ ಮಗು

ಚನ್ನರಾಯಪಟ್ಟಣದಲ್ಲಿ ಗಂಡಸರಿಗೆ ವಾಚನಾಲಯವಿತ್ತು. ಪೇಪರು ಹರಡಿಕೊಂಡು ಕೂತು ದೇಶ ಆಳುತ್ತಿದ್ದರು. ಹೆಂಗಸರಿಗೆ ಇದ್ದದ್ದು ನಮ್ಮ ನಡುಮನೆ. ರಾಜ್ಯ ಒಂದಾಗಿ ಒಂದೆರಡು ವರ್ಷವಾಗಿದ್ದ ಕಾಲ. ಹೈಸ್ಕೂಲು ಮೇಷ್ಟರಾಗಿದ್ದ ನನ್ನ ಯಜಮಾನರು ಹಾಸನಕ್ಕೆ ಹೋದಾಗ ಒಂದು ಕಾದಂಬರಿ ತಂದುಕೊಟ್ಟರು. ನಮ್ಮ ತಾಯಂದಿರ ಕಾಲದ್ದು, ಓದಿದವರೆಲ್ಲ ಹೊಗಳುತ್ತಿದ್ದದ್ದು. ಒಬ್ಬಳೇ ಓದಿ ಮುಗಿಸಬಹುದಿತ್ತು. ಆದರೆ ಹಳೇಕೋಟೆಯಿಂದ ಸೊಸೆಯಾಗಿ ಬಂದಾಗಿನಿಂದ ಅತ್ತೆಗೆ ಭಾರತ ಓದಿ ಓದಿ ನನಗೊಂದು ಚಟ ಹತ್ತಿತ್ತು. ಎದುರಿಗೆ ಕೇಳುವವರಿಲ್ಲದಿದ್ದರೆ ಓದಿದ್ದು ರುಚಿಸುತ್ತಿರಲಿಲ್ಲ. ಅಕ್ಕಪಕ್ಕದ ನಾಲ್ಕು ಹೆಂಗಸರನ್ನು ಕರೆದೆ.

ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಬರುತ್ತಿದ್ದರು. ಹೂಬತ್ತಿ ಹೊಸೆಯುತ್ತ ಕೇಳುವುದು. ಅತ್ತೆ ಮೊದಲ ದಿನವೇ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಭಾರತ ಓದುವಾಗಿನ ಕಟ್ಟಳೆಗಳನ್ನೆಲ್ಲ ಅದರ ಮೇಲೂ ಹೇರಿದರು. ಕೈಕಾಲು ತೊಳೆಯದೆ ಮುಟ್ಟಬಾರದು, ಸಾವುನೋವಿನ ಕಡೆ ದಿನದ ಓದು ನಿಲ್ಲಿಸಬಾರದು, ಒಂದು ಒಳ್ಳೆಯ ಮಾತು ಬಂದ ಮೇಲೇ ಮುಚ್ಚಬೇಕು. ಬರೆದವರು, ಪಾಪ, ಇದನ್ನೆಲ್ಲ ಯೋಚಿಸಿ ಬರೆದಿರಲಿಲ್ಲ. ಒಳ್ಳೆಯ ಮಾತು ಹುಡುಕಿಕೊಂಡು ಪುಟಗಟ್ಟಲೆ ಹೆಚ್ಚಿಗೆ ಓದಿ ನನ್ನ ಗಂಟಲು ಒಣಗುತ್ತಿತ್ತು.

ಕೇಳುವವರಲ್ಲಿ ಪಕ್ಕದ ಜೈನರ ಮನೆಯ ಸೊಸೆಯೊಬ್ಬಳಿದ್ದಳು. ಗಂಡನದು ತೆಂಗಿನಕಾಯಿ ಮಂಡಿ, ತವರು ಶ್ರವಣಬೆಳಗೊಳ. ಅವಳಿಗೆ ಓದು ಬಾರದು. ಕತೆಯಲ್ಲಿನ ಹೆಂಗಸು ಅವಳಿಗೆ ಒಡಹುಟ್ಟಿದವಳೇ ಆಗಿಬಿಟ್ಟಿದ್ದಳು. ಆಕೆಗೂ ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ, ಇವಳಿಗೂ ಇರಲಿಲ್ಲ. ಕತೆಯವಳು ಬಸುರಾದ ಅಧ್ಯಾಯಕ್ಕೆ ಬರುವ ಹೊತ್ತಿಗೆ ಇವಳೂ ನಾಚಿಕೊಂಡು ಸುದ್ದಿ ಹೇಳಿದಳು. ಎಲ್ಲಾ ಪುಸ್ತಕದ ಮಹಿಮೆ ಅಂತ ನಾವು ಅವಳನ್ನು ರೇಗಿಸಿದೆವು.

ಕೊನೆಯ ಅಧ್ಯಾಯವನ್ನು ನಾನು ಹಿಂದಿನ ದಿನವೇ ಓದಿಕೊಂಡೆ. ಅದರಲ್ಲಿ ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ಸಾಯುತ್ತದೆ. ತಾಯಿ ತೊಟ್ಟಿಲು ಬಿಚ್ಚಿ ಅಟ್ಟಕ್ಕೆ ಹಾಕಿ, ಬಂದು ಒಲೆ ಹಚ್ಚುತ್ತಾಳೆ. ಅಲ್ಲಿಗೆ ಕತೆ ಮುಗಿಯಿತು. ಏನು ಮಾಡಲಿ ಅಂತ ಅತ್ತೆಯನ್ನು ಕೇಳಿದೆ.

“ಬಸ್ರಿ ಕಿವೀಗೆ ಅಂಥಾ ಮಾತು ಬೀಳಬಾರ್ದು ಕಣವ್ವ,” ಅಂದರು. “ಮಗೀನ ಉಳಿಸ್ಬುಡು.”

ಉಳಿಸಿದೆ. ಪುಸ್ತಕ ನೋಡಿಕೊಂಡೇ ಇಲ್ಲದ ಸಾಲುಗಳನ್ನು ಓದಿದೆ. ಮಗುವಿಗೆ ಜ್ವರ ಬಿಟ್ಟಿತು, ತೊಟ್ಟಿಲ ಶಾಸ್ತ್ರವಾಯಿತು. ಅತ್ತೆ ಹೇಳಿದ್ದು ಉಳಿಸು ಅಂತ ಮಾತ್ರ. ಹಲ್ಲು ಬರಿಸಿ ಅಂಬೆಗಾಲಿಡಿಸಿದ್ದು ನಾನು. ಹೆಂಗಸರು ಸಂತೋಷದಿಂದ ಕಣ್ಣೊರೆಸಿಕೊಂಡಾಗ ನನಗೆ ಕೋಡು ಮೂಡಿದಂತಾಯಿತು. ಬರೆದವರಿಗಿಂತ ನಾನೇ ವಾಸಿ ಅಂದುಕೊಂಡೆ. ಆ ಜಂಬ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವಳು ಹೆರಿಗೆಗೆ ಬೆಳಗೊಳಕ್ಕೆ ಹೋದಳು. ಮಗು ಹುಟ್ಟಿತು, ವಾರ ತುಂಬುವುದರೊಳಗೆ ಹೋಯಿತು ಅಂತ ಮಂಡಿಯವರಿಂದ ತಿಳಿಯಿತು. ತಿಂಗಳುಗಳು ಕಳೆದು ಅವಳು ವಾಪಸು ಬಂದು ಮತ್ತೆ ನಮ್ಮ ಓದಿಗೆ ಸೇರಿಕೊಂಡಳು. ಯಾರೂ ಆ ಮಾತೆತ್ತಲಿಲ್ಲ. ಎತ್ತದಿರುವುದೇ ಮರ್ಯಾದೆ ಅಂದುಕೊಂಡಿದ್ದೆವು. ಅವಳೂ ಅಳಲಿಲ್ಲ. ಒಂದು ದಿನ ಬತ್ತಿ ಹೊಸೆಯುತ್ತಲೇ ನನ್ನನ್ನು ಕೇಳಿದಳು:

“ಅಕ್ಕ, ಆ ಕತೆಯಮ್ಮನ ಮಗು ಈಗ ನಡೀತಿರ್ಬೇಕು, ಅಲ್ವಾ?”

ಆಗಲಾದರೂ ನಿಜ ಹೇಳಬಹುದಿತ್ತು. ನಡೆಯುತ್ತಿರಬೇಕು ಅಂದೆ.

ಮರುವರ್ಷ ಅರಕಲಗೂಡಿನಿಂದ ವರ್ಗವಾಗಿ ಬಂದ ಒಬ್ಬ ಟೀಚರ್ ನಮ್ಮ ಜೊತೆ ಸೇರಿದರು. ಆ ಕಾದಂಬರಿ ತಾವು ಓದಿಲ್ಲ, ಎಲ್ಲರೂ ಒಪ್ಪಿದರೆ ಮತ್ತೊಮ್ಮೆ ಶುರುಮಾಡೋಣ ಅಂದು, ಈ ಸಲ ತಾವೇ ಓದುವುದಾಗಿ ಹೇಳಿದರು. ಉಳಿದವರಿಗೆ ಖುಷಿಯೋ ಖುಷಿ. ನಾನು ಬೇರೆ ಪುಸ್ತಕಗಳನ್ನು ಸೂಚಿಸಿ ನೋಡಿದೆ, ನಡೆಯಲಿಲ್ಲ. ಟೀಚರ ಕಿವಿಯಲ್ಲಿ ಒಂದು ಮಾತು ಹಾಕಬಹುದಿತ್ತು. ಹೊಸಬರ ಮುಂದೆ ನನ್ನ ಕಳ್ಳತನ ಬಯಲಾಗುತ್ತದಲ್ಲ ಅಂತ ಸುಮ್ಮನಾದೆ. ಕೊನೆಯ ಅಧ್ಯಾಯದ ದಿನ ತಲೆನೋವು ಅಂತ ಮಲಗಿಬಿಡಲೇ ಅಂತಲೂ ಯೋಚಿಸಿದೆ. ಮಾಡಿದ್ದುಣ್ಣೋ ಮಹಾರಾಯ ಅಂತ ಹತ್ತಿ ಹಿಡಿದು ಮೂಲೆಯಲ್ಲಿ ಕೂತೆ.

ಟೀಚರ್ ಇದ್ದದ್ದನ್ನು ಇದ್ದ ಹಾಗೆ ಓದಿದರು. ಮಗು ಸತ್ತಿತು. ಎದುರುಮನೆಯಾಕೆ ಅವರನ್ನು ಅಲ್ಲಿಗೇ ತಡೆದರು.

“ತಪ್ಪು ಓದ್ಬುಟ್ರಿ ಮೇಡಮ್ನೋರೆ. ಆ ಮಗ ಸಾಯಾಕಿಲ್ಲ.”

ಇನ್ನೊಬ್ಬರು ಮಗುವಿಗೆ ಹಲ್ಲು ಬಂದದ್ದನ್ನು ನೆನಪಿಸಿದರು. ಟೀಚರ್ ಗಲಿಬಿಲಿಯಾಗಿ ಪುಟ ಹಿಂದೆ ಮುಂದೆ ತಿರುವಿದರು. ಎಲ್ಲರೂ ನನ್ನ ಕಡೆ ನೋಡಿದರು. ಅತ್ತೆ ಏನೋ ಹೇಳಲು ಹೊರಟರು. ಅಷ್ಟರಲ್ಲಿ ನಾನೇ ಹೇಳಿದೆ. ಟೀಚರ್ ಓದಿದ್ದೇ ಸರಿ, ನಾನು ಓದಿದ್ದು ಪುಸ್ತಕದಲ್ಲಿಲ್ಲ ಅಂತ.

ಒಬ್ಬೊಬ್ಬರೇ ಎದ್ದು ಹೋದರು. ಜೈನರ ಮನೆಯ ಸೊಸೆ ಮಾತ್ರ ಕೂತೇ ಇದ್ದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಇಷ್ಟು ದಿನ ಆ ಯಮ್ಮನ ಮೇಲೆ ಹೊಟ್ಟೆ ಉರ್ಕೊಂಡೆ ಅಕ್ಕ,” ಅಂದಳು. “ಅವಳ ಮಗು ಉಳೀತು, ನಂದು ಉಳೀಲಿಲ್ಲ ಅಂತ. ಅವಳೂ ನನ್ನಂಗೇ ಅಂತ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?”

ಬಸುರಿಗೆ ಕೆಡುಕಾಗಬಾರದು ಅಂತ, ಎಂದು ಶುರುಮಾಡಿ ನಡುವೆಯೇ ನಿಲ್ಲಿಸಿದೆ. ಅವಳು ಬಸುರಿಯಾಗಿದ್ದದ್ದು ಕೆಲವು ತಿಂಗಳು. ಆಮೇಲೆ ಒಂದು ವರ್ಷ ನನ್ನ ಬಾಯಿಗೆ ಏನಾಗಿತ್ತು? ಅವಳು ಪುಸ್ತಕವನ್ನು ನನ್ನ ಮುಂದಕ್ಕೆ ತಳ್ಳಿದಳು.

“ಟೀಚರ್ ಓದಿದ್ದು ಸಾಲ್ದು. ನಿಮ್ಮ ಬಾಯಲ್ಲೇ ಕೇಳ್ಬೇಕು.”

ಒಂದಕ್ಷರ ಬಿಡದೆ ಓದಿದೆ. ಮಗುವನ್ನು ಎತ್ತಿಕೊಂಡು ಹೋಗುವ ಕಡೆ ಪುಸ್ತಕ ಕೆಳಗಿಟ್ಟೆ. ಮುಂದೆ ಓದಿ ಅಂದಳು. ಓದಿ ಮುಗಿಸಿದ ಮೇಲೆ ಅವಳು ಅತ್ತಳು. ಬೆಳಗೊಳದಿಂದ ಬಂದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.