ಅಲಸಂದೆ ಗದ್ದೆಗೆ ಬಿಟ್ಟ ದನ

ಕವಲೇದುರ್ಗದ ಗುಡ್ಡದ ಕೆಳಗೆ ನಮಗೆ ಎರಡು ಎಕರೆ ಗದ್ದೆಯಿದೆ. ಗಂಡನಿಗೆ ತೀರ್ಥಹಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಗದ್ದೆಯ ಉಸ್ತುವಾರಿ ಮೊದಲಿನಿಂದಲೂ ನನ್ನದೇ. ಪಕ್ಕದ ಮನೆಯ ಯಜಮಾನರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನೆಂಟಸ್ತನ ಏನೂ ಇಲ್ಲ, ಆದರೂ ನಾನು ಅವರನ್ನು ಮಾವ ಎಂದೇ ಕರೆಯುವುದು. ಅವರ ಕೊಟ್ಟಿಗೆಯಲ್ಲಿ ಹತ್ತು ಹನ್ನೆರಡು ಮಲೆನಾಡು ಗಿಡ್ಡ ದನಗಳಿದ್ದವು. ಅವು ಕೊಡುವ ಹಾಲು ಅಷ್ಟಕ್ಕಷ್ಟೆ. ಮಾವ ಅವನ್ನು ಸಾಕಿದ್ದು ಗೊಬ್ಬರಕ್ಕೆ.

ಕೊಯ್ಲು ಮುಗಿದ ಮೇಲೆ ಯಾರ ಗದ್ದೆಗೆ ಯಾರ ದನ ಹೋದರೂ ನಮ್ಮಲ್ಲಿ ಕೇಳುವವರಿರಲಿಲ್ಲ. ಭತ್ತದ ಕೂಳೆ ಮೇಯುತ್ತ, ಸಗಣಿ ಹಾಕುತ್ತ ಮಳೆಗಾಲದವರೆಗೆ ತಿರುಗಿಕೊಂಡಿರುತ್ತಿದ್ದವು. ರೈತರ ತರಬೇತಿಯೊಂದಕ್ಕೆ ಹೋಗಿಬಂದ ವರ್ಷ ನಾನು ಈ ಪದ್ಧತಿ ಮುರಿದೆ. ಭತ್ತದ ಮೇಲೆ ಭತ್ತವನ್ನೇ ಬೆಳೆದರೆ ಮಣ್ಣು ಸೋಲುತ್ತದೆ, ನಡುವೆ ಒಂದು ದ್ವಿದಳ ಧಾನ್ಯ ಹಾಕಿ ಎಂದು ಅಲ್ಲಿ ಹೇಳಿದ್ದರು. ಕೊಯ್ದ ಗದ್ದೆಯ ಪಸೆ ಆರುವ ಮೊದಲೇ ಉಳುಮೆ ಮಾಡಿಸಿ ಅಲಸಂದೆ ಬಿತ್ತಿದೆ. ಸುತ್ತ ತಂತಿ ಬೇಲಿ ಹಾಕಿಸಿ, ಒಂದು ಕಡೆ ಗಳ ಸರಿಸಿ ತೆಗೆಯುವ ದಣಪೆ ಇಡಿಸಿದೆ.

ಮಾವ ಬೇಲಿಯಾಚೆ ನಿಂತು ನೋಡಿದರು. "ಹಂಗಾದ್ರೆ ನಮ್ಮ ದನ ಹೊಳೆಗೆ ಹೋಗೋದು ಎಲ್ಲಿಂದ?"

"ಮೇಲಿನ ದಾರೀಲಿ ಹೋಗ್ಲಿ ಮಾವ."

"ಸುತ್ತಾಗ್ತದೆ."

"ಆಗ್ತದೆ" ಎಂದೆ. ಆಮೇಲೆ ಮೂರು ವರ್ಷ ನಮ್ಮಿಬ್ಬರ ನಡುವೆ ಹೆಚ್ಚು ಮಾತಿರಲಿಲ್ಲ.

ಅಲಸಂದೆ ಚೆನ್ನಾಗಿಯೇ ಬಂತು. ಕಾಯಿ ಬಿಡಿಸಿ, ಬಳ್ಳಿಯನ್ನೂ ಕಿತ್ತು ತಂದು ಒಣಗಿಸಿ ನಮ್ಮ ಹಸುವಿಗೆ ಹಾಕುತ್ತಿದ್ದೆ. ಗದ್ದೆಯಿಂದ ಎಲ್ಲವೂ ಮನೆಗೆ ಬರುತ್ತಿತ್ತು, ಗದ್ದೆಗೆ ವಾಪಸ್ ಹೋಗುವುದು ಕಡಿಮೆ. ಇದು ನನಗೆ ಹೊಳೆದದ್ದು ಮೂರನೇ ವರ್ಷ. ಆ ಸಲ ಒಂದು ಮೂಲೆಯಲ್ಲಿ ಬೇಲಿ ಬಿದ್ದು ಮಾವನ ದನಗಳು ಬೇಸಿಗೆಯೆಲ್ಲ ಅಲ್ಲೇ ಮಲಗಿ ಎದ್ದಿದ್ದವು. ಮಳೆಗಾಲದಲ್ಲಿ ಭತ್ತ ಆ ಮೂಲೆಯಲ್ಲಿ ಮಾತ್ರ ಕಡು ಹಸುರಾಗಿತ್ತು. ಉಳಿದ ಕಡೆ ಪೈರು ಬಣ್ಣಗೆಟ್ಟು ನಿಂತಿತ್ತು.

ನಾನೇ ಅವರ ಮನೆಗೆ ಹೋದೆ. ಈ ಸಲ ಕಾಯಿ ಬಿಡಿಸಿಕೊಂಡ ಮೇಲೆ ಬಳ್ಳಿಗೆ ನಿಮ್ಮ ದನ ಬಿಡಿ ಎಂದು ಕೇಳಿದೆ.

"ಬೇಲಿ ಹಾಕ್ದೋಳು ನೀನೇ ಅಲ್ವ" ಎಂದರು.

"ಬೇಲಿ ಇರ್ತದೆ ಮಾವ. ಕಾಯಿ ಆದ್ಮೇಲೆ ದಣಪೆ ತೆಗೀತೀನಿ."

ಅವರು ಕಾಫಿ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು. ಕೊನೆಗೆ, "ಆಗ್ಲಿ. ಆದ್ರೆ ನಾನಿಲ್ದೆ ಬಿಡಬೇಡ" ಎಂದರು. ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ದೊಡ್ಡವರ ಗತ್ತು ಎಂದುಕೊಂಡೆ.

ಕಾಯಿ ಬಿಡಿಸಿ ಮುಗಿದ ಸಂಜೆಯೇ ಮಾವ ಮದುವೆಯೊಂದಕ್ಕೆಂದು ಹೊಸನಗರಕ್ಕೆ ಹೋದರು. ಅವರ ಮನಸ್ಸು ಬದಲಾಗುವ ಮೊದಲು ಕೆಲಸ ಶುರುವಾಗಲಿ ಎಂದು ನನಗೆ ಅವಸರ. ಮರುದಿನ ಬೆಳಿಗ್ಗೆ ಏಳಕ್ಕೆ ಅವರ ಹೆಂಡತಿಯ ಹತ್ತಿರ ಹೇಳಿ ದನ ಹೊಡೆದುಕೊಂಡು ಬಂದೆ. ದಣಪೆಯ ಗಳ ಸರಿಸಿದ್ದೇ ತಡ, ಎಲ್ಲವೂ ಒಳಗೆ ನುಗ್ಗಿದವು. ಬಳ್ಳಿಯ ಮೇಲೆ ಇಬ್ಬನಿ ಕೂತಿತ್ತು. ದನಗಳದ್ದು ಖಾಲಿ ಹೊಟ್ಟೆ.

ಒಂಬತ್ತರ ಹೊತ್ತಿಗೆ ಮೂರು ದನ ಮೇಯುವುದನ್ನು ಬಿಟ್ಟು ನಿಂತವು. ಕೆಂಪು ಹಸುವಿನ ಎಡಗಡೆಯ ಹೊಟ್ಟೆ ಬೆನ್ನಿನ ಮಟ್ಟಕ್ಕೆ ಉಬ್ಬಿತ್ತು. ತಟ್ಟಿದರೆ ಟೊಳ್ಳು ಸದ್ದು. ಮಾವನ ಹೆಂಡತಿ ಎಣ್ಣೆ ಮತ್ತು ಬಿದಿರಿನ ಗೊಟ್ಟ ಹಿಡಿದು ಓಡಿ ಬಂದರು. ನಾನು ಒಂದೊಂದರದೇ ಬಾಯಿ ಅಗಲಿಸಿ ಹಿಡಿದೆ, ಅವರು ಗೊಟ್ಟದಿಂದ ಎಣ್ಣೆ ಹೊಯ್ದರು. ಪಶುವೈದ್ಯರಿಗೆ ಫೋನ್ ಮಾಡಿದರೆ ಬೇರೆ ಊರಿನಲ್ಲಿದ್ದರು, ಬರಲು ಒಂದು ಗಂಟೆ ಬೇಕೆಂದರು. ಎರಡು ದನ ತೇಗಿ ಸುಧಾರಿಸಿಕೊಂಡವು. ಕೆಂಪು ಹಸು ಅಷ್ಟು ಹೊತ್ತು ತಡೆಯಲಿಲ್ಲ. ಅದು ಗಬ್ಬವಾಗಿತ್ತು.

ಮಾವ ಮಧ್ಯಾಹ್ನದ ಬಸ್ಸಿಗೆ ಬಂದರು. ಸತ್ತ ಹಸುವಿನ ಪಕ್ಕದಲ್ಲಿ ಕೂತು ಎರಡೇ ಪ್ರಶ್ನೆ ಕೇಳಿದರು.

"ಇಬ್ಬನಿ ಆರಿತ್ತಾ?"

"ಇಲ್ಲ."

"ಮೊದ್ಲು ಒಣಹುಲ್ಲು ಹಾಕಿದ್ಯಾ?"

"ಇಲ್ಲ ಮಾವ."

ಖಾಲಿ ಹೊಟ್ಟೆಗೆ ಇಬ್ಬನಿ ಕೂತ ಹಸಿ ಬಳ್ಳಿ ಬಿದ್ದರೆ ದನದ ಹೊಟ್ಟೆ ಉಬ್ಬುತ್ತದೆ, ನಾನಿಲ್ದೆ ಬಿಡಬೇಡ ಎಂದದ್ದು ಇದಕ್ಕೇ ಎಂದು ಆಗ ತಿಳಿಯಿತು. ಮಾವ ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಅಕ್ಕಪಕ್ಕದವರು ಬಂದು ಹುಲ್ಲುಬೇಣದ ಅಂಚಿನಲ್ಲಿ ಗುಂಡಿ ತೋಡಿದರು. ನಾನೂ ಮಣ್ಣೆಳೆದೆ.

ಮರುದಿನ ಸತ್ತ ಹಸುವಿನ ಬದಲಿಗೆಂದು ನಮ್ಮ ಕಡಸನ್ನು ಹಗ್ಗ ಹಿಡಿದು ಅವರ ಅಂಗಳಕ್ಕೆ ಕರೆದೊಯ್ದೆ. "ಇದೆಲ್ಲ ಬೇಡ, ಹೊಡ್ಕೊಂಡು ಹೋಗು" ಎಂದರು ಮಾವ. ಅವರ ಹೆಂಡತಿ ನನ್ನ ಕೈಯಿಂದ ಹಗ್ಗ ತೆಗೆದುಕೊಂಡರು. "ಇರ್ಲಿ ಬಿಡಿ. ಅವಳಿಗೂ ರಾತ್ರಿ ನಿದ್ದೆ ಬರ್ಬೇಕಲ್ಲ" ಎನ್ನುತ್ತ ಕೊಟ್ಟಿಗೆಯಲ್ಲಿ ಕಟ್ಟಿದರು.

ಅಲ್ಲಿಗೆ ಎಲ್ಲ ಮುಗಿಯಿತೆಂದುಕೊಂಡಿದ್ದೆ. ನಾಲ್ಕನೇ ದಿನ ಬಿಸಿಲು ಚೆನ್ನಾಗಿ ಏರಿದ ಮೇಲೆ ಮಾವ ದನಗಳನ್ನು ಹೊಡೆದುಕೊಂಡು ನಮ್ಮ ಗದ್ದೆಗೆ ಬಂದರು. ಒಣಹುಲ್ಲು ತಿನ್ನಿಸಿಯೇ ತಂದಿದ್ದರು. ಬಾಡತೊಡಗಿದ್ದ ಬಳ್ಳಿಗೆ ಅರ್ಧ ಗಂಟೆ ಬಿಟ್ಟು ಹೊರಗೆ ಹಾಕಿದರು. ಮರುದಿನ ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ನಾನು ಬದುವಿನ ಮೇಲೆ ನಿಂತು ನೋಡಿ ಕಲಿತೆ. ಅವರು ಕಲಿಸುತ್ತೇನೆಂದೇನೂ ಹೇಳಿರಲಿಲ್ಲ.

ಈಗ ಗದ್ದೆಯನ್ನು ಎರಡು ಪಾಲು ಮಾಡಿದ್ದೇವೆ. ಒಂದರಲ್ಲಿ ಭತ್ತದ ನಂತರ ಅಲಸಂದೆ, ಇನ್ನೊಂದು ಕೊಯ್ಲಾದ ದಿನದಿಂದಲೇ ದನಗಳಿಗೆ. ಮುಂದಿನ ವರ್ಷ ಅದಲುಬದಲು. ಪೈರಿನ ಬಣ್ಣ ಎರಡು ವರ್ಷದಲ್ಲಿ ತಿರುಗಿತು. ಮಾವನಿಗೆ ಮಂಡಿನೋವು ಹೆಚ್ಚಾದ ಮೇಲೆ ದನ ಬಿಡುವುದೂ ನಾನೇ. ಈ ಸಲ ಹೊಳೆಯಾಚೆಯ ಮನೆಯವರು ಉದ್ದು ಬಿತ್ತಿದ್ದಾರೆ. ಅವರಿಗೆ ದನ ಇಲ್ಲ. ನಿಮ್ಮವನ್ನು ಬಿಡುತ್ತೀರಾ ಎಂದು ಮಾವನನ್ನು ಕೇಳಿದರಂತೆ.

"ಅವಳನ್ನ ಕೇಳಿ" ಎಂದು ನನ್ನ ಹತ್ತಿರ ಕಳಿಸಿದ್ದಾರೆ.